ಸೇರಿಸದೆ ಬಿಟ್ಟ ಚುಕ್ಕಿ

ಎರಡು ಸಾವಿರದ ಆರರಲ್ಲಿ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಪಾಸ್‌ಪೋರ್ಟ್ ಫೋಟೋ ತೆಗೆಯಲು ಒಂದು ಡಿಜಿಟಲ್ ಕ್ಯಾಮೆರಾ. ಬೈಯುತ್ತಾ ಕೂರುವುದು ನನ್ನ ಸ್ವಭಾವ. ತೆವಳುತ್ತಿದ್ದ ಇಂಟರ್ನೆಟ್ಟು ಅದಕ್ಕೆ ಬೇಕಾದಷ್ಟು ಕಾರಣ ಒದಗಿಸುತ್ತಿತ್ತು. ಹಾಗೆ ಬೈಯುತ್ತಾ ಕೂತಿದ್ದ ಒಂದು ಬೆಳಗ್ಗೆ ಎದುರು ಮನೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು.

“ಕುಮಾರಸ್ವಾಮಿ, ನಿನ್ನ ಕಂಪ್ಯೂಟ್ರಲ್ಲಿ ನಮ್ಮನೆ ಬಾಗ್ಲು ಐತಂತೆ. ಅದನ್ನ ಈಗ್ಲೇ ತೊಳೀಬೇಕು ಕಣಪ್ಪ.”

ನನಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ, ನೀರು ಕೊಟ್ಟು ಕೇಳಿದ ಮೇಲೆ ಸಂಗತಿ ಹೊರಬಿತ್ತು.

ಬೇಲೂರಿನಲ್ಲಿರುವ ಆಕೆಯ ತಂಗಿ ರುದ್ರಮ್ಮನ ಮಗಳು ಸಿರಿ ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಳು. ಅವಳೂ ಅವಳ ಗೆಳತಿಯರೂ ಸೇರಿ ಒಂದು ವೆಬ್‌ಸೈಟು ಮಾಡಿದ್ದರು. ಅಲ್ಲಿ ಯಾರೂ ಮುಖದ ಫೋಟೋ ಹಾಕುವಂತಿಲ್ಲ. ತಮ್ಮ ಮನೆ ಬಾಗಿಲಿಗೆ ತಾವು ಹಾಕಿದ ರಂಗೋಲಿಯ ಫೋಟೋ ಹಾಕಬೇಕು, ಕೆಳಗೆ ತಾವು ಯಾರು ಎಂದು ಒಂದು ಸಾಲು ಬರೆಯಬೇಕು. ನೋಡಿದವರು ಆ ರಂಗೋಲಿಗೆ ತಮ್ಮದೂ ಒಂದಿಷ್ಟು ಸೇರಿಸಿ ಕಳಿಸಬಹುದು. ದೀಪಾವಳಿ ರಜೆಯಲ್ಲಿ ಬಂದಿದ್ದ ಸಿರಿ ದೊಡ್ಡಮ್ಮನ ರಂಗೋಲಿಯನ್ನೂ ಅಲ್ಲಿ ಹಾಕಿ, ಮುಂದಿನ ತಿಂಗಳು ಬೇಲೂರಿನಲ್ಲಿ ತಾಯಿಗೆ ತೋರಿಸಿದ್ದಳು. ನೋಡಿದ್ದೇ ತಡ, ರುದ್ರಮ್ಮ ಗಾಬರಿಯಾಗಿ ಫೋನು ಮಾಡಿದ್ದರು: “ಅಕ್ಕಾ, ತಿಂಗಳಿಂದ ಅದೇ ರಂಗೋಲಿ ಐತಂತಲ್ಲೇ! ಬಾಗ್ಲಿಗೆ ನೀರೂ ಹಾಕಿಲ್ವಾ? ಮನೇಲಿ ಯಾರಿಗೆ ಏನಾಯ್ತು?”

ಹೊಸ ರಂಗೋಲಿ ಬೀಳದ ಮನೆ ಎಂದರೆ ಸೂತಕದ ಮನೆ. ಕಲ್ಲುಗುಂಡಿನಂತಿದ್ದ ಗಂಡ ಒಳಗೆ ಉಪ್ಪಿಟ್ಟು ತಿನ್ನುತ್ತಿರುವಾಗ ಊರೂರಿನವರು ಹೀಗೆ ತಿಳಿದುಕೊಂಡರೆ ಯಾವ ಹೆಂಗಸು ಸಹಿಸುತ್ತಾಳೆ?

“ಅದು ಬರೀ ಫೋಟೋ ಅಮ್ಮ,” ಎಂದೆ.

“ಫೋಟೋ ಆದ್ರೇನು? ಬಾಗ್ಲು ಅಂತ ತಾನೇ ಎಲ್ರೂ ನೋಡ್ತಿರೋದು?”

ಸಿರಿಗೆ ಫೋನು ಮಾಡಿ ಪಾಸ್‌ವರ್ಡ್ ಇಸಿದುಕೊಂಡು ಪುಟ ತೆರೆದೆ. ಹಳೆಯದನ್ನು ಅಳಿಸಿದೆ. ಹೊಸದು ಹಾಕುವ ಮೊದಲು ಆಕೆ ತಮ್ಮ ಸೆರಗಿನ ತುದಿ ಒದ್ದೆ ಮಾಡಿ ನನ್ನ ಮಾನಿಟರನ್ನು ಮೇಲಿಂದ ಕೆಳಗೆ ಒರೆಸಿದರು. ಅಂಗಡಿ ಶುರುವಾದ ಮೇಲೆ ಅದಕ್ಕೆ ಬಟ್ಟೆ ತಾಗಿದ್ದು ಅದೇ ಮೊದಲು.

ಅಂದಿನಿಂದ ನನಗೆ ದಿನಾ ಬೆಳಗ್ಗೆ ಒಂದು ಬಿಟ್ಟಿ ಚಾಕರಿ ಅಂಟಿಕೊಂಡಿತು. ಅವರು ರಂಗೋಲಿ ಹಾಕುವುದು, ನಾನು ಫೋಟೋ ತೆಗೆದು ಏರಿಸುವುದು. ಗೊಣಗಿದೆ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಕೊಡುತ್ತಿದ್ದ ಕಾಫಿಗಾಗಿ ಎಂದು ಹೆಂಡತಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನೋಡುವುದೇ ಒಂದು ಖುಷಿ. ಬೇಲೂರಿನಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದ ಆಕೆ ನಲವತ್ತು ವರ್ಷ ಅದೇ ಬಾಗಿಲಿಗೆ ರಂಗೋಲಿ ಹಾಕಿದ್ದರು. ಒಂದು ದಿನ ಹಾಕಿದ್ದನ್ನು ಮರುದಿನ ಹಾಕುತ್ತಿರಲಿಲ್ಲ.

ಆಕೆಯ ಹೆಸರು ಕಮಲಾಕ್ಷಮ್ಮ ಎಂದು ನನಗೆ ಗೊತ್ತಾದದ್ದೇ ಆ ಪುಟದಿಂದ. ಬೀದಿಗೆಲ್ಲ ಅವರು ಕೊಬ್ಬರಿ ಕಲ್ಲೇಶಪ್ಪನ ಮನೆಯವರು. ಸಿರಿ ಕೂಡ ರಂಗೋಲಿಯ ಕೆಳಗೆ ಬರೆದದ್ದು ಅದನ್ನೇ: ‘ಕಮಲಾಕ್ಷಮ್ಮ, ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರ ಹೆಂಡತಿ.’ ಆ ಸಾಲನ್ನು ಓದಿ ಕಮಲಾಕ್ಷಮ್ಮ ತೆಗೆಸಿಬಿಟ್ಟರು.

“ಯಾಕೆ, ನನ್ನ ಹೆಂಡ್ತಿ ಅನ್ನೋದು ಸಾಲ್ದೇನೆ?” ಎಂದು ಕಲ್ಲೇಶಪ್ಪ ಜಗುಲಿಯಿಂದಲೇ ಛೇಡಿಸಿದರು.

“ಸಾಲ್ದು ಅಂತಲ್ಲ ಕಣ್ರೀ. ಅದು ನಿಮ್ಮ ಪರಿಚಯ ಆಯ್ತು. ನಂದೆಲ್ಲಿ?”

ಬದಲಿಗೆ ಏನು ಬರೆಯಲಿ ಎಂದರೆ “ನಾಳೆ ಹೇಳ್ತೀನಿ” ಎನ್ನುತ್ತಿದ್ದರು. ಆ ನಾಳೆ ಮೂರು ತಿಂಗಳಾದರೂ ಬರಲಿಲ್ಲ, ಸಾಲು ಖಾಲಿಯಾಗಿಯೇ ಉಳಿಯಿತು. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಕಾಫಿ ಕೊಡುವಾಗ ಒಮ್ಮೆ, “ಅರವತ್ತು ಹತ್ರ ಬಂತು, ನಾನ್ಯಾರು ಅಂತ ಒಂದು ಸಾಲು ಹೇಳಕ್ಕೆ ಬರಲ್ವಲ್ಲೋ,” ಎಂದು ನಕ್ಕರು. ನಗು ಅಷ್ಟು ಚೆನ್ನಾಗಿರಲಿಲ್ಲ, ನನಗೂ ಬೇಜಾರಾಯಿತು.

ಫೋಟೋ ತೆಗೆದು ತೆಗೆದು ನನಗೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಯಾವ ರಂಗೋಲಿಯೇ ಆಗಲಿ, ಬಲಗಡೆ ಕೆಳಮೂಲೆಯಲ್ಲಿ ಒಂದು ಚುಕ್ಕಿ ಸೇರದೆ ಉಳಿದಿರುತ್ತಿತ್ತು. ಮರೆತಿದ್ದಾರೆಂದು ಎತ್ತಿ ತೋರಿಸಿದೆ.

“ಮರೆತಿಲ್ಲಪ್ಪ. ನಮ್ಮಮ್ಮ ಹಂಗೆ ಬಿಡೋರು. ನಾನಾಗ ಚಿಕ್ಕೋಳು, ನಂಗೂ ಒಂದು ಗೆರೆ ಎಳೆಯಕ್ಕೆ ಇರ್ಲಿ ಅಂತ. ನಂಗೆ ಮಕ್ಕಳಾಗ್ಲಿಲ್ಲ. ಆದ್ರೂ ಕೈ ಆ ಚುಕ್ಕೀನ ಬಿಟ್ಕಂಡೇ ಬರ್ತೈತೆ.”

ಅಷ್ಟರಲ್ಲಿ ನನಗಿಂತ ಚುರುಕಾದ ಇನ್ನೊಬ್ಬಳೂ ಆ ಚುಕ್ಕಿಯನ್ನು ಗುರುತು ಹಿಡಿದಿದ್ದಳು. ಮಾದಿಹಳ್ಳಿಯ ಭಾಗ್ಯ ಎಂಬ ಕಾಲೇಜು ಹುಡುಗಿ ಅದನ್ನು ಸೇರಿಸಿ ಒಂದು ಪುಟ್ಟ ಗಿಳಿ ಮಾಡಿ ಕಳಿಸಿದ್ದಳು. ಕಮಲಾಕ್ಷಮ್ಮ ಅದನ್ನು ಪ್ರಿಂಟು ಹಾಕಿಸಿಕೊಂಡು ಹೋಗಿ ಅಡುಗೆಮನೆ ಗೋಡೆಗೆ ಅಂಟಿಸಿದರು.

ಫೆಬ್ರವರಿಯಲ್ಲಿ ಅವರ ಕಣ್ಣಿಗೆ ಹಾಸನದಲ್ಲಿ ಪೊರೆ ಆಪರೇಷನ್ನಾಯಿತು. ಕಲ್ಲೇಶಪ್ಪ ವ್ಯಾಪಾರ ಬಿಟ್ಟು ಬರುವಂತಿಲ್ಲವೆಂದು ನಾನು ಜೊತೆಗೆ ಹೋಗಿದ್ದೆ. ಒಂದು ತಿಂಗಳು ಬಗ್ಗಬಾರದು ಎಂದರು ಡಾಕ್ಟರು. ಆಕೆಯ ಚಿಂತೆ ಕಣ್ಣಿನದಲ್ಲ. ಬಾಗಿಲು ಬೋಳಾಗಿರುತ್ತದೆ, ಕಂಪ್ಯೂಟರಿನಲ್ಲೂ ಹಳೇ ರಂಗೋಲಿ ಕೂತಿರುತ್ತದೆ, ರುದ್ರಮ್ಮ ಮತ್ತೆ ಫೋನು ಮಾಡುತ್ತಾಳೆ. ಬಸ್ಸಿಳಿದು ಕಪ್ಪು ಕನ್ನಡಕದಲ್ಲಿ ನನ್ನ ಕೈ ಹಿಡಿದು ಬರುವಾಗಲೂ ಇದೇ ಮಾತು.

ಮನೆ ಮುಂದೆ ಬಂದು ಇಬ್ಬರೂ ನಿಂತುಬಿಟ್ಟೆವು.

ಬಾಗಿಲಿಗೆ ನೀರು ಹಾಕಿತ್ತು. ಅದರ ಮೇಲೆ ಒಂದು ರಂಗೋಲಿ. ಅಂಥ ಸೊಟ್ಟ ರಂಗೋಲಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಪಕ್ಕದಲ್ಲಿ ಕಲ್ಲೇಶಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಮೊಣಕೈವರೆಗೂ ರಂಗೋಲಿ ಪುಡಿ ಮೆತ್ತಿಕೊಂಡು, ಸೊಂಟ ಹಿಡಿದು ನಿಂತಿದ್ದರು. ಬೀದಿಯವರೆಲ್ಲ ನಗುತ್ತಿದ್ದರು. ಅವರು ಕ್ಯಾರೇ ಅಂದಿರಲಿಲ್ಲ. ರಂಗೋಲಿಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚುಕ್ಕಿ ಒಂಟಿಯಾಗಿ ಉಳಿದಿತ್ತು.

ಕಮಲಾಕ್ಷಮ್ಮ ಅದನ್ನೇ ನೋಡಿದರು. “ರೀ, ಅದು ನಿಮಗೆ ಹೆಂಗೆ ಗೊತ್ತು?”

“ನಲವತ್ತು ವರ್ಷ ದಿನಾ ದಾಟ್ಕಂಡು ಹೋಗಿದೀನಿ. ಅಷ್ಟೂ ಕಾಣ್ದೇ ಇರ್ತೈತೇನೆ? ಬಾ, ಸೇರ್ಸು.”

ಬಗ್ಗುವಂತಿಲ್ಲವಲ್ಲ! ನಾನು ಓಡಿಹೋಗಿ ಕ್ಯಾಮೆರಾ ತಂದೆ. ಫೋಟೋವನ್ನು ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ತೆರೆದು, ಅವರನ್ನು ಅಂಗಡಿಯ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕೈಗೆ ಮೌಸ್ ಕೊಟ್ಟೆ. ಗೆರೆ ಗಂಡನದಕ್ಕಿಂತ ಸೊಟ್ಟ ಹೋಯಿತು. ಮೂರನೆಯ ಸಲಕ್ಕೆ ಚುಕ್ಕಿ ಸೇರಿತು. ಮೌಸ್ ಬಿಟ್ಟು ಸಣ್ಣ ಹುಡುಗಿಯಂತೆ ಚಪ್ಪಾಳೆ ಹೊಡೆದರು. ನಾನು ಮುಖ ಆಚೆ ತಿರುಗಿಸಿ ಇಂಟರ್ನೆಟ್ಟನ್ನು ಬೈದೆ.

“ಈಗ ಬರ್ಕ,” ಎಂದರು. “ಕಮಲಾಕ್ಷಮ್ಮ. ರಂಗೋಲಿ ಹಾಕ್ತೀನಿ. ಒಂದು ಚುಕ್ಕಿ ನಿಮಗೆ.”

ಬರೆದೆ. ಮೂರು ತಿಂಗಳ ಸಾಲು ಒಂದು ನಿಮಿಷದಲ್ಲಿ ಮುಗಿಯಿತು.

“ಇವತ್ತು ಹಾಕಿದ್ದು ನಾನಲ್ವಲ್ಲ. ಅದನ್ನೂ ಬರೀ,” ಎಂದು ಅಂಗಡಿ ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿ ನೋಡಿ, ಒಂದೊಂದೇ ಪದ ಬಿಡಿಸಿ ಹೇಳಿದರು: “ಇವತ್ತಿನ ರಂಗೋಲಿ: ಕಲ್ಲೇಶಪ್ಪ, ಕಮಲಾಕ್ಷಮ್ಮನ ಗಂಡ.”

ಕಲ್ಲೇಶಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ, “ಕುಮಾರ, ಇದರದ್ದೊಂದು ಪ್ರಿಂಟ್ ಹಾಕ್ಕೊಡಪ್ಪ, ದೊಡ್ಡದಾಗಿ,” ಎಂದರು. ಸಾಯಂಕಾಲ ನೋಡಿದರೆ ಅದು ಅವರ ಕೊಬ್ಬರಿ ಮಂಡಿಯ ಬಾಗಿಲಲ್ಲಿ, ಬೋರ್ಡಿನ ಕೆಳಗೇ ಅಂಟಿತ್ತು.