ಕೌದಿಯ ಮೇಲೆ ಒಗೆದ ಟವೆಲ್

ತೀರಿಹೋದ ನನ್ನ ತಂಗಿಯ ಮೊಬೈಲಿಗೆ ಹೋದ ವಾರ ಒಂದು ಮೆಸೇಜ್ ಬಂತು. "ಗಿರಿಜಾ ಅವರೇ, ನೀವು ಏನನ್ನೋ ಬಿಟ್ಟುಹೋಗಿದ್ದೀರಿ!"

ಕೊನೆಗೊಂದು ನಗುವ ಮುಖ ಬೇರೆ.

ಏನನ್ನೋ? ಎಲ್ಲವನ್ನೂ ಬಿಟ್ಟುಹೋದಳು ಮಹಾರಾಯರೇ. ಕನ್ನಡಕ, ದಾರ ಪೋಣಿಸಿಟ್ಟ ಸೂಜಿ, ನನ್ನನ್ನೂ. (ಮೊಬೈಲ್ ಈಗ ನನ್ನ ಹತ್ತಿರವಿದೆ. ಅದರಲ್ಲಿ ಅವಳ ಧ್ವನಿ ಇದೆ, ಅದಕ್ಕೆ ಇಟ್ಟುಕೊಂಡಿದ್ದೇನೆ.)

ಮೆಸೇಜ್ ಕಳಿಸಿದವರು ಯಾರು ಗೊತ್ತೇ? ನಮ್ಮದೇ ಅಂಗಡಿ! ಗಿರಿಜಾ ಕುಷ್ಟಗಿಯಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಕೈಯಿಂದ ಕೌದಿ ಹೊಲಿಯುತ್ತಿದ್ದಳು. ಅವಳ ಸೊಸೆ ವಿಜಯಾ ಫೋಟೋ ತೆಗೆದು ಆನ್‌ಲೈನಿನಲ್ಲಿ ಮಾರುತ್ತಾಳೆ. ಅದೊಂದು ಬಾಡಿಗೆಯ ವೆಬ್‌ಸೈಟು. ಯಾವುದೋ ಕಂಪನಿಯ ಸಾಫ್ಟ್‌ವೇರು, ತಿಂಗಳು ತಿಂಗಳು ಬಾಡಿಗೆ. ಯಾರಾದರೂ ಸಾಮಾನನ್ನು ಕಾರ್ಟಿಗೆ ಹಾಕಿ ಕೊಳ್ಳದೇ ಹೋದರೆ ಅದು ತಾನಾಗಿಯೇ ನೆನಪಿಸುತ್ತದೆ. ಇಂಥ ಕಾರ್ಟಿಗೆ 'ಅಬ್ಯಾಂಡನ್ಡ್' ಎನ್ನುತ್ತಾರಂತೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಆ ಪದವನ್ನು ಗೇಟಿನ ಹತ್ತಿರ ಬಿಟ್ಟುಹೋದ ಕೂಸುಗಳಿಗೆ ಮಾತ್ರ ಬಳಸುತ್ತಿದ್ದರು.

ಮೆಸೇಜಿನ ಕೆಳಗೆ ಇನ್ನೊಂದು ಸಾಲಿತ್ತು. ಈ ತಿಂಗಳ ಕೊನೆಗೆ ನಿಮ್ಮ ಕಾರ್ಟನ್ನು ಖಾಲಿ ಮಾಡಲಾಗುವುದು.

ಕೊಪ್ಪಳದಿಂದ ಕುಷ್ಟಗಿ ಬಸ್ ಹತ್ತಿದೆ. ಹೋದರೆ ವಿಜಯಾ ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. ಬಾಡಿಗೆ ಏರಿಸಿದ್ದಾರಂತೆ.

"ಸಾಫ್ಟ್‌ವೇರ್ ಪುಕ್ಕಟೆ ಸಿಗತದರಿ ದೊಡ್ಡವ್ವಾರ. ನಮ್ಮದ ಒಂದು ಸರ್ವರ್ ಮಾಡಿ ಅದರಾಗ ಇಟಗೋಬೇಕು. ಸೆಲ್ಫ್ ಹೋಸ್ಟ್ ಅಂತಾರ. ಮಾಡೂದೋ ಬ್ಯಾಡೋ ತಿಳೀವಲ್ದು."

"ಹೋಸ್ಟ್ ಅಂದ್ರ ಮನಿಗೆ ಬಂದವರಿಗೆ ಉಣಿಸೋರು. ಸೆಲ್ಫ್ ಹೋಸ್ಟ್ ಅಂದ್ರ ನಾವ ಮಾಡಿ ನಾವ ಉಣ್ಣೂದೇನವಾ?"

"ಹೂಂನ್ರಿ. ಮುಸುರಿನೂ ನಾವ ತಿಕ್ಕೂದು!"

ಅವಳು ನಕ್ಕಳು. ನಾನು ಮೆಸೇಜ್ ತೋರಿಸಿದೆ. ನಗು ನಿಂತಿತು.

ಲ್ಯಾಪ್‌ಟಾಪಿನಲ್ಲೇ ಅಂಗಡಿಯ ಒಳಬಾಗಿಲು ತೆರೆದು ಅತ್ತೆಯ ಕಾರ್ಟ್ ಹುಡುಕಿದಳು. ಒಂದೇ ಒಂದು ಕೌದಿ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ನಮ್ಮವ್ವನ ಸೀರೆ. ಅದು ನನಗೆ ಗೊತ್ತಾಗಲಿಕ್ಕೆ ಕನ್ನಡಕವೂ ಬೇಕಿರಲಿಲ್ಲ.

"ಅಯ್ಯ, ಉಳಿದವುಗಳ ಕೂಡ ಇದರ ಫೋಟೋನೂ ನಾನ ಹೊಡದು ಹಾಕೀನಿ," ಎಂದಳು ವಿಜಯಾ. "ನಿಮ್ಮವ್ವಾರ ಸೀರಿ ಅಂತ ನನಗೇನ ಗೊತ್ತರಿ? ಇದೊಂದು ಮಾರಬ್ಯಾಡ ಅಂತ ಅತ್ತಿ ಒಂದು ಮಾತು ಹೇಳಬಾರದಾಗಿತ್ತಾ?"

ಹೇಳುವವಳೇ ಗಿರಿಜಾ? "ಹೊಲಿದ ಮ್ಯಾಲೆ ಕೌದಿ ಗಿರಾಕಿದು" ಎಂದು ಸೊಸೆಗೆ ಕಲಿಸಿದವಳೇ ಅವಳು. ಆ ಮಾತನ್ನು ಸೊಸೆಯ ಮುಂದೆ ತಾನೇ ಹೇಗೆ ಮುರಿಯುವುದು?

ಆಗ ನನಗೆ ಬಸ್ಸು ನೆನಪಾಯಿತು. ಕೊನೆಯ ಸಲ ನಾನೂ ಗಿರಿಜಾಳೂ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತಿದ್ದು. ಬಸ್ ನಿಲ್ಲುವ ಮೊದಲೇ ಗಿರಿಜಾ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆದಳು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಟವೆಲ್ ಬಿತ್ತೆಂದರೆ ಆ ಸೀಟಿನಲ್ಲಿ ಮಂತ್ರಿಯೂ ಕೂರುವಂತಿಲ್ಲ. (ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲಂತೂ ಟವೆಲೇ ಟಿಕೆಟ್ಟು.) ಕೂತು ಉಸಿರು ಬಿಟ್ಟ ಮೇಲೆ ಅಂದಳು, "ಅವ್ವನ ಕೌದಿ ಮ್ಯಾಲೂ ಹಿಂಗ ಟವೆಲ್ ಒಗದೀನಿ ಅಕ್ಕಾ. ಇನ್ನ ಯಾರೂ ಮುಟ್ಟಂಗಿಲ್ಲ."

ಧೂಳು ಕೂರದಿರಲೆಂದು ಟವೆಲ್ ಹೊದಿಸಿದ್ದಾಳೆ ಅಂದುಕೊಂಡೆ, ನೋಡಿ!

ವಿಜಯಾಳಿಗೆ ಹೇಳಿದೆ. ಮೊದಲು ಫಕ್ಕನೆ ನಕ್ಕಳು. ಆಮೇಲೆ ಸೆರಗು ಕಣ್ಣಿಗೆ ಹೋಯಿತು.

"ಕಾರ್ಟಿಗೆ ಹಾಕಿದ್ರ ಸೀಟ್ ಹಿಡದಂಗ ಅಲ್ಲರಿ. ಮೊದಲ ಯಾರು ರೊಕ್ಕಾ ಕಟ್ಟತಾರ ಅವರದು. ನಮ್ಮ ಪುಣ್ಯಾ, ಯಾರೂ ತಗೊಂಡಿಲ್ಲ."

ಅಂದರೆ ನನ್ನ ತಂಗಿ ತನ್ನದಲ್ಲದ ಸೀಟಿನ ಮೇಲೆ ಟವೆಲ್ ಒಗೆದು, ಸೀಟು ಸಿಕ್ಕಿತೆಂಬ ನೆಮ್ಮದಿಯಲ್ಲೇ ಹೋದಳು.

"ಸ್ವಂತಕ್ಕ ಹೋಗೂಣು ತಗೀ ವಿಜಯಾ," ಎಂದೆ. "ನಮ್ಮ ಸರ್ವರಿನ್ಯಾಗ ನಮ್ಮ ಕಾರ್ಟ್. ಖಾಲಿ ಮಾಡಾಕ ಅವರ್ಯಾರು?"

ಅವಳು ತಾಳ್ಮೆಯಿಂದ ಹೇಳಿದಳು. "ಹೊಸಾದಕ್ಕ ಗಿರಾಕಿ ಹೆಸರು ಬರತಾವು, ಹಳೇ ಆರ್ಡರ್ ಬರತಾವು. ಅರ್ಧಕ್ಕ ಬಿಟ್ಟ ಕಾರ್ಟ್ ಬರಂಗಿಲ್ಲರಿ. ಬಂದ್ರೂ, ಅಪ್‌ಡೇಟ್ ಹಾಕೋರು ಯಾರು? ಬ್ಯಾಕಪ್ ತಗಿಯೋರು ಯಾರು? ಕಳ್ಳರು ಹೊಕ್ಕರ ಗಿರಾಕಿಗೆ ಏನ ಹೇಳ್ಲಿ? ಅತ್ತಿ ಇದ್ದಾಗ ಅವರು ಹೊಲೀತಿದ್ರು, ನಾ ಅಂಗಡಿ ನೋಡತಿದ್ದೆ. ಈಗ ನಾ ಕೌದಿ ಹೊಲೀಲೋ, ಸರ್ವರ್ ಕಾಯಲೋ?"

ಸ್ವಂತ ಸ್ವಂತ ಎಂದು ನಾವೆಲ್ಲ ಹಂಬಲಿಸುತ್ತೇವೆ. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಓನರ್ ಮುಖ ನೋಡಬೇಕು, ನಿಜ. ಆದರೆ ಸ್ವಂತ ಮನೆ ಸೋರಿದರೆ ಫೋನ್ ಮಾಡಲು ಓನರೂ ಇರುವುದಿಲ್ಲ. ಸ್ವಂತಕ್ಕೆ ರೊಕ್ಕಕ್ಕಿಂತ ಕೈ ಬೇಕು. ಆ ಮನೆಯಲ್ಲಿ ಈಗ ಕೈ ಕಡಿಮೆಯಾಗಿವೆ.

ಹೀಗೆ ಬಾಡಿಗೆ ಅಂಗಡಿಯೇ ಗಟ್ಟಿಯಾಯಿತು.

ಆಮೇಲೆ ವಿಜಯಾಳೇ ಅಂದಳು, "ಕಾರ್ಟ್ ಅಷ್ಟ ಅಳಿಸ್ತಾರ್ರಿ. ಆರ್ಡರ್ ಆತಂದ್ರ ಉಳೀತದ. ಅತ್ತಿ ಹೆಸರಲೇ ಇದನ್ನ ಆರ್ಡರ್ ಮಾಡಿಬಿಡೂಣೇನು?"

ಗಿರಿಜಾಳ ಮೊಬೈಲ್ ತೆಗೆದು ಅವಳ ಕೈಗೆ ಕೊಟ್ಟೆ. ವಿಳಾಸದ ಪುಟ ತೆರೆಯಿತು. ಗಿರಿಜಾ ಅಲ್ಲಿಯವರೆಗೂ ಬಂದು ನಿಂತಿದ್ದಳು! ಹೆಸರು: ಗಿರಿಜಾ. ವಿಳಾಸ: ನಮ್ಮ ಮನಿ. ಅಷ್ಟೇ. ಅದರ ಕೆಳಗೆ ಖಾಲಿ ಚೌಕ, ಪಕ್ಕದಲ್ಲಿ ಕೆಂಪಕ್ಷರ. ಪಿನ್ ಕೋಡ್ ಕಡ್ಡಾಯ.

ವಿಜಯಾಳ ಬೆರಳು ನಿಂತಿತು. "ಎಲ್ಲಿದು ಹಾಕ್ಲಿ ದೊಡ್ಡವ್ವಾರ?"

ಕುಷ್ಟಗಿಯ ಪಿನ್ ಕೋಡ್ ಇಬ್ಬರಿಗೂ ಬಾಯಿಪಾಠ. ಇಬ್ಬರ ಬಾಯಿಂದಲೂ ಬರಲಿಲ್ಲ. ಕೌದಿ ಅಲ್ಲೇ ಮಂಚದ ಮೇಲೆ ಮಡಿಚಿಕೊಂಡು ಕೂತಿತ್ತು. ಅದನ್ನು ಕುಷ್ಟಗಿಗೆ ತರಿಸುವ ಅಗತ್ಯವೇ ಇರಲಿಲ್ಲ. ಅದನ್ನು ಹೊದೆಯಬೇಕಾದವಳು ಮಾತ್ರ ಅಲ್ಲಿರಲಿಲ್ಲ.

ತಿಂಗಳು ಮುಗಿಯಲು ಇನ್ನೂ ಕೆಲವು ದಿನಗಳಿವೆ. ಗಿರಿಜಾ ಹೋದ ಊರಿಗೆ ನಿಮ್ಮವರೂ ಯಾರಾದರೂ ಹೋಗಿಯೇ ಇರುತ್ತಾರೆ. ಆ ಊರಿನ ಪಿನ್ ಕೋಡ್ ನಿಮಗೇನಾದರೂ ಗೊತ್ತೇ?