ಬಿಳಿಮೀನು ಮೂಲೆಯ ಡೈನಾ ಅತ್ತೆ

ನಮ್ಮ ಡೈನಾ ಅತ್ತೆಗೆ ಎಪ್ಪತ್ತಮೂರು ವರ್ಷ. ನಾವು ಕೆನಡಾದ ಉತ್ತರದ ಕಾಡಿನ ಕ್ರೀ ಜನ. ನಮ್ಮಲ್ಲಿ ಒಂದೊಂದು ಕುಟುಂಬದ ಬೇಟೆನೆಲಕ್ಕೂ ಒಬ್ಬ ಯಜಮಾನ ಇರುತ್ತಾನೆ. ನಮ್ಮ ನೆಲಕ್ಕೆ ಇರುವುದು ಯಜಮಾನಿ, ಈ ಅತ್ತೆಯೇ. ಪ್ರತಿ ವರ್ಷ ಎಲೆ ಹಣ್ಣಾಗುವ ಹೊತ್ತಿಗೆ, ಸರೋವರದೊಳಕ್ಕೆ ಚಾಚಿಕೊಂಡಿರುವ ಬಿಳಿಮೀನು ಮೂಲೆಯಲ್ಲಿ ಡೇರೆ ಹಾಕುತ್ತಾಳೆ, ಬಲೆ ಬಿಡುತ್ತಾಳೆ, ಮೀನನ್ನು ಹೊಗೆಗೆ ಕಟ್ಟುತ್ತಾಳೆ. ನೀರು ಹೆಪ್ಪುಗಟ್ಟುವ ಮೊದಲು ಎಲ್ಲವನ್ನೂ ಬಿಚ್ಚಬೇಕು. ಎಲುಬು ವಾಪಸ್ ನೀರಿಗೆ, ಬೂದಿ ಮಣ್ಣಿನಡಿಗೆ, ಡೇರೆಯ ಗಳುಗಳು ದೋಣಿಗೆ. ನಾವು ಹೋದ ಮೇಲೆ ಅಲ್ಲಿ ಯಾರಾದರೂ ಇದ್ದರು ಅಂತ ನರಿಗೂ ಗೊತ್ತಾಗಬಾರದು. ಹಾಗೆ ಬಿಟ್ಟರೆ ಮಾತ್ರ ಪ್ರಾಣಿ ಮತ್ತೆ ಬರುತ್ತದೆ.

ಅದೇ ನಮಗೆ ಮುಳುವಾಯಿತು. ಗಣಿಯವರ ರಸ್ತೆಗೆ ಜಲ್ಲಿ ಬೇಕಾಗಿತ್ತು, ಜಲ್ಲಿ ಇದ್ದದ್ದು ನಮ್ಮ ಮೂಲೆಯಲ್ಲಿ. ವಸಂತದಲ್ಲಿ ಬಂದ ಸರ್ವೆಯವನು ‘ಮನುಷ್ಯರ ಬಳಕೆಯ ಗುರುತಿಲ್ಲ’ ಎಂದು ಬರೆದುಕೊಂಡು ಹೋದ. ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಬರುತ್ತಾನಂತೆ. ಆಗಲೂ ಅದನ್ನೇ ಬರೆದರೆ ಮೂಲೆ ಹೋಯಿತು ಅಂತಲೇ ಲೆಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಗುರುತು ತಾನೇ ಬೇಕು? ಊರಿನಿಂದ ಎರಡು ಮೂಟೆ ಖಾಲಿ ಡಬ್ಬಿ, ಮುರಿದ ಒಲೆ, ಹರಿದ ಬೂಟು ತುಂಬಿಕೊಂಡು ಹೋಗಿ ಅಲ್ಲಿ ಸುರಿದೆ.

ಅತ್ತೆ ಡೇರೆಯಿಂದ ಹೊರಗೆ ಬಂದಳು. "ಏನೇ ಇದು?"

"ಗುರುತು, ಅತ್ತೆ. ಆ ಕಣ್ಣಿಲ್ಲದವನಿಗೆ ಕಾಣ್ಲಿ ಅಂತ."

"ನಿನ್ನ ತಲೆ! ನಮ್ಮಪ್ಪ ಮಲಗ್ತಿದ್ದ ಜಾಗಕ್ಕೆ ತಿಪ್ಪೆ ಸುರಿದು ನಮ್ದು ಅನ್ಬೇಕಾ? ಎತ್ತು."

"ಜಾಗ ಕೈಬಿಟ್ಟು ಹೋದ್ರೆ?"

"ಅವರಿಗೆ ಹೆದರಿ ನಾನು ಗಲೀಜಾಗಲ್ಲ ಕಣೇ. ಎತ್ತು ಅಂದ್ನಲ್ಲ. ಅಗೋ, ಅಲ್ಲೊಂದು ಡಬ್ಬಿ ಉರುಳಿದೆ."

ಅಳುತ್ತಾ, ಬೈಯುತ್ತಾ ಎಲ್ಲವನ್ನೂ ಮತ್ತೆ ತುಂಬಿದೆ. ಇಂಥ ಮುದುಕಿಯನ್ನು ಕಟ್ಟಿಕೊಂಡು ಯಾರಾದರೂ ಗೆಲ್ಲುವುದುಂಟೇ ಅನ್ನಿಸಿತು.

ನಾಲ್ಕನೇ ದಿನ ಸರ್ವೆಯವನು ಬಂದ. ಲವೊಲೆ ಅಂತ ಹೆಸರು, ಮೂವತ್ತರ ಆಸುಪಾಸು. ನೀರಿನ ಮೇಲೆ ಇಳಿಯುವ ಅವನ ಪುಟ್ಟ ವಿಮಾನ ಮೂಲೆಯ ಹಿಂದಿನ ಕೊಲ್ಲಿಯಲ್ಲಿ ಇಳಿದಿದ್ದರಿಂದ ಕಾಡಿನೊಳಗೆ ಅರ್ಧ ಗಂಟೆ ನಡೆದು ಬಂದಿದ್ದ. ಕೆನ್ನೆ, ಮೂಗು, ಕಿವಿ ಎಲ್ಲ ಗೀರಿ ರಕ್ತ ಬಂದಿತ್ತು. ಬಂದವನೇ ಡೇರೆಯತ್ತ ಕೈ ತೋರಿಸಿ, "ಬೇಜಾರು ಮಾಡ್ಕೋಬೇಡಿ ಅಮ್ಮಾ, ಡೇರೆ ಯಾರು ಬೇಕಾದ್ರೂ ನಿನ್ನೆ ಹಾಕಬಹುದು. ಹಳೇ ಗುರುತು ಬೇಕು" ಅಂದ.

ಅತ್ತೆ ಅವನಿಗೆ ಚಹಾ ಕೊಟ್ಟಳು. "ಮುಖ ಯಾಕಪ್ಪಾ ಹೀಗಾಯ್ತು?"

"ಸ್ಪ್ರೂಸ್ ಮರಗಳು. ಕೊಂಬೆ ನೆಲದವರೆಗೂ ಇರುತ್ತಲ್ಲ, ದಾರಿಯೇ ಬಿಡಲ್ಲ."

"ಇಲ್ಲೂ ಅದೇ ಮರ. ಒಂದು ಸುತ್ತು ಹೋಗಿ ಬಾ."

ಅವನು ಹೋದ. ನೆಟ್ಟಗೆ, ತಲೆ ಎತ್ತಿಕೊಂಡೇ ನಡೆದ. ಒಂದು ಕಡ್ಡಿಯೂ ಅವನಿಗೆ ತಾಗಲಿಲ್ಲ. ಅರ್ಧದಲ್ಲಿ ನಿಂತು ಒಂದು ಮರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಕೈ ಎತ್ತಿದರೆ ಎಟುಕುವಷ್ಟು ಎತ್ತರದವರೆಗೆ ಒಂದೇ ಒಂದು ಕೊಂಬೆ ಇರಲಿಲ್ಲ. ಪಕ್ಕದ ಮರವೂ ಹಾಗೇ.

"ಡೇರೆಯೊಳಗೆ ನೆಲಕ್ಕೆ ಹಾಸ್ತೀವಲ್ಲ, ಆ ರೆಂಬೆ" ಅಂದಳು ಅತ್ತೆ. "ಒಂದು ಮರದಿಂದ ಎರಡೇ ಕೀಳಬೇಕು. ಆಮೇಲೆ ಆ ಮರಕ್ಕೆ ಎಷ್ಟೋ ವರ್ಷ ರಜ. ನನ್ನ ಅಜ್ಜಿ ಕಿತ್ತಳು, ಅವ್ವ ಕಿತ್ತಳು, ನಾನು ಕಿತ್ತೆ. ಈಗ ಲೆಕ್ಕ ಹಾಕು, ಎಷ್ಟು ವರ್ಷ ಆಯ್ತು?"

ಅಬ್ಬಾ! ಹುಟ್ಟಿದಾಗಿನಿಂದ ಆ ರೆಂಬೆಯ ಮೇಲೆ ಮಲಗಿದವಳು ನಾನು. ನನಗೇ ಹೊಳೆದಿರಲಿಲ್ಲ.

ಲವೊಲೆ ತಲೆ ಕೆರೆದುಕೊಂಡ. "ನಮ್ಮ ಫಾರಂನಲ್ಲಿ ಕಟ್ಟಡ, ರಸ್ತೆ, ಕಸದ ಗುಂಡಿ, ಇಷ್ಟೇ ಕಾಲಂ ಇರೋದು. ಮರಕ್ಕೆ ಇಲ್ಲ."

"ಕಸ ಹಾಕಿದೋನಿಗೆ ಕಾಲಂ ಇದೆ, ಗುಡಿಸಿದೋಳಿಗೆ ಇಲ್ವಾ? ಹಾಗಾದ್ರೆ ನೀನೇ ಒಂದು ಗೆರೆ ಹಾಕು. ಹಾಕೋವರೆಗೂ ನಾನು ಇಲ್ಲಿಂದ ಏಳಲ್ಲ" ಎಂದು ಅವನ ಸಲಕರಣೆ ಪೆಟ್ಟಿಗೆಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

ಅವನು ಗೆರೆ ಹಾಕಿದ. ಸಂಜೆಯವರೆಗೆ ಮರ ಎಣಿಸಿದ; ಮುನ್ನೂರ ಹನ್ನೆರಡು ಬರೆದ. ಕಚೇರಿಯವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದ.

"ಒಪ್ಪದಿದ್ರೆ ಅವರನ್ನೂ ಅದೇ ದಾರೀಲಿ ನಡೆಸ್ಕೊಂಡು ಬಾ" ಅಂದಳು ಅತ್ತೆ. ಆಮೇಲೆ, ಎಣಿಸುವಾಗ ಅವನು ಮರಗಳಿಗೆ ಕಟ್ಟಿದ್ದ ಕೆಂಪು ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಮುದುರಿ, ಅವನ ಜೇಬಿಗೆ ತುರುಕಿದಳು.

"ಇವು ನಿನ್ನವು. ತಗೊಂಡು ಹೋಗು."