ಅಜ್ಜಿ ಕೇಳಿದ ಪಕ್ಷ

ಈವತ್ತು ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ಪಕ್ಷ, ಹಿರಿಯರಿಗೆ ಎಡೆ ಇಡುವ ದಿನ. ವಡೆ ಕರಿಯುವ ವಾಸನೆಗೆ ಅಜ್ಜಿಯ ರೇಡಿಯೊ ನೆನಪಾಯಿತು.

ಅದಕ್ಕೆ ಅಜ್ಜಿ ಹಳೇ ರವಿಕೆಯ ಗವಸು ಹೊಲಿದಿದ್ದಳು. ಸಂಜೆ ಗವಸು ಸರಿಸಿ, ಅವರೆಕಾಯಿ ಸುಲಿಯುತ್ತಾ ವಾರ್ತೆ ಕೇಳುತ್ತಿದ್ದಳು. ಒಮ್ಮೆ ಯಾರೋ ನಾಯಕರು ಪಕ್ಷ ಬಿಟ್ಟರೆಂದು ರೇಡಿಯೊ ಹೇಳಿದಾಗ ಅವಳ ಕೈ ನಿಂತಿತು.

"ಅದೆಂಗ್ಲಾ ಪಕ್ಷ ಬುಟ್ಬುಟ್ಟ? ಎತ್ತೋರ್ಗೆ ವರ್ಸಕ್ಕೊಂದ್ಸಲ ಎಡೆ ಇಕ್ಕಕ್ಕೂ ಆಗಕಿಲ್ವಾ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ನಗು ತಡೆದುಕೊಂಡು, "ಇದು ಓಟಿನ ಪಕ್ಷ ಕಣವ್ವ" ಎಂದ.

"ಯಾವ್ದಾದ್ರೇನ್ಲಾ, ಉಂಡಿದ್ದು ಅಲ್ಲೇ ತಾನೇ?"

ಈಗ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂತಿದ್ದೇವೆ. ತಮ್ಮನ ಮೊಬೈಲಿನಲ್ಲಿ ಯಾರೋ ಪಕ್ಷ ಬಿಟ್ಟ ಸುದ್ದಿ. ಸದ್ದು ಕಡಿಮೆ ಮಾಡಿಸಿದೆ. ಒಳಗೆ ಅಜ್ಜಿ ಉಣ್ಣುತ್ತಿದ್ದಾಳೆ.